ಒಗ್ಗರಣೆಯಿಲ್ಲದ ಟ್ಯಾಂಕು

ಹನ್ನೊಂದನೆಯ ರೊಟ್ಟಿ ಹಲಗೆಯ ಮೇಲೆ ಅಂಗೈಯಗಲದಿಂದ ತಾಟಿನಗಲಕ್ಕೆ ಬೆಳೆಯುತ್ತಿದ್ದಾಗ, ಹಂಚು ಕಾದು ಕೆಂಡದಂತಾಗಿದ್ದಾಗ, ಗದಗಿನ ಆ ಓಣಿಗೆ ನಳದ ನೀರು ಬರಲು ಇನ್ನೊಂದೇ ದಿನ ಉಳಿದಿದ್ದ ಕಲಿಯುಗದ ಒಂದು ಭಾನುವಾರ, ಪಡಸಾಲೆಯಿಂದ ರಣಕಹಳೆ ಮೊಳಗಿತು.

“ನೀಲಾ, ಹಿಟ್ಟಿನ ಕೈ ತೊಳಕೊಂಡು ಬಾ. ಹೊತ್ತಾತು.”

ಓದುವ ಮಹಾಜನರೇ, ಚಿತ್ತವಿಟ್ಟು ಕೇಳಬೇಕು. ಇದು ಆನೆ ಕುದುರೆಗಳ ಯುಗದ ಕಥೆಯಲ್ಲ. ವೀರರು ಸೋಫಾದಲ್ಲಿ ಆಸೀನರಾಗಿ, ಟಿವಿಯ ಪರದೆಯೊಳಗೆ ವಿಡಿಯೋ ಗೇಮಿನ ಯುದ್ಧಟ್ಯಾಂಕೆಂಬ ಉಕ್ಕಿನ ರಥವನ್ನೋಡಿಸುವ ಯುಗದ ಕಥೆ. ಇದರ ನಾಯಕನು ಪ್ರೌಢಶಾಲಾ-ಕವಾಯತು-ಶಿಕ್ಷಕ-ಕುಲತಿಲಕನೂ, ಸೀಟಿಘೋಷಭಯಂಕರನೂ, ಬನಿಯನ್-ಕವಚಧಾರಿಯೂ ಆದ ಗುರುಪಾದಪ್ಪ. ಅವನ ರಥದ ಫಿರಂಗಿ ಹೊಡೆಯುವವಳು ಅವನ ಧರ್ಮಪತ್ನಿ, ರೊಟ್ಟಿತಾಡನಪಟುಹಸ್ತೆ ನೀಲಗಂಗಾ. ಎದುರಾಳಿಗಳು ಇದೇ ಮನೆಯ ಮೇಲಂತಸ್ತಿನವರು: ಗುರುಪಾದಪ್ಪನ ತಮ್ಮ ಬಸವಂತ ಮತ್ತು ಅವನ ಹೆಂಡತಿ ವಿಶಾಲಾಕ್ಷಿ.

ಪಣವೇನೆಂದು ಕೇಳುವಿರಾದರೆ, ರಾಜ್ಯವಲ್ಲ, ಕೋಶವಲ್ಲ. ಎರಡೂ ಮನೆಗೆ ಸೇರಿದ, ಮಾಳಿಗೆಯ ಮೇಲೆ ಕರಿಗಿರಿಯಂತೆ ಕೂತಿರುವ ಸಾವಿರ ಲೀಟರಿನ ನೀರಿನ ಟ್ಯಾಂಕು. ಆಟ ಪ್ರತಿ ಭಾನುವಾರ ಇದ್ದರೂ, ಆರು ತಿಂಗಳಿಗೊಮ್ಮೆ, ಅದು ಬರಿದಾದ ದಿನ, ಸೋತವರು ಅದನ್ನು ತೊಳೆಯತಕ್ಕದ್ದು; ಇಂದು ಅದೇ ದಿನ. ಕಳೆದ ಮೂರು ಸಲವೂ ಸೋತವನು ಗುರುಪಾದಪ್ಪ. ಮೂರು ಸಲವೂ ಅವನ ಉದರವು ಟ್ಯಾಂಕಿನ ಬಾಯನ್ನು ಪ್ರವೇಶಿಸಲು ಸವಿನಯವಾಗಿ ನಿರಾಕರಿಸಿತ್ತು. ಮೂರು ಸಲವೂ ಒಳಗಿಳಿದವಳು ನೀಲಗಂಗಾ.

ಆದುದರಿಂದ ಈ ಸಲ ಗೆಲ್ಲಬೇಕೆಂಬ ಆಸೆ ಆ ಮನೆಯಲ್ಲಿ ಯಾರಿಗಾದರೂ ಮನಸಾರೆ ಇದ್ದರೆ ಅದು ಅವಳಿಗೆ.

ಆಟದ ಶಾಸ್ತ್ರ ಹೀಗಿದೆ. ರಥವನ್ನು ಮೊದಲು ಹತ್ತಿದವರೇ ಸಾರಥಿ. ಯಾವ ಅಸ್ತ್ರಗಳನ್ನು ಹೊತ್ತೊಯ್ಯಬೇಕೆಂಬುದು ಸಾರಥಿಯ ಆಯ್ಕೆ. ಹಿಂದೆ ಹತ್ತಿದವರಿಗೆ ಸಿಕ್ಕಿದ್ದೇ ಪ್ರಸಾದ. ಗಂಡ ಹೆಂಡತಿ ಇಬ್ಬರ ಕೈಯಲ್ಲೂ ರಥ ಹತ್ತಲು ಅದೇ ಗುಂಡಿ, ಒತ್ತಲು ಅದೇ ಕ್ಷಣ. ಆದರೆ ಒಂದೂವರೆ ವರ್ಷದಿಂದ ನೀಲಗಂಗೆಯ ಹೆಬ್ಬೆರಳು ಗುಂಡಿಯ ಮೇಲೆ ಅರ್ಧ ಕ್ಷಣ ತಡೆದು ನಿಲ್ಲುತ್ತಿತ್ತು. ಬಾಗಿಲಲ್ಲಿ ಗಂಡನನ್ನು ಮುಂದೆ ಬಿಟ್ಟು ಹಿಂದೆ ನಡೆದ ಕಾಲಿನ ರೂಢಿ ಅದು, ಬೆರಳಿಗೂ ಇಳಿದಿತ್ತು. ಅದು ಅವನಿಗೆ ಗೊತ್ತಿರಲಿಲ್ಲ. ತನ್ನ ಕೈ ಚುರುಕೆಂದೇ ಅವನ ನಂಬಿಕೆ.

ಇಂದೂ ಅವನೇ ಮೊದಲು ಹತ್ತಿದನು. ಪರದೆಯ ಮೇಲೆ ಆಯುಧಾಗಾರವು ತೆರೆದುಕೊಂಡಿತು. ಗೂಡುಗಳು ಮೂರು, ಕಾಲ ನಲವತ್ತು ಸೆಕೆಂಡು. ಮೊದಲ ಗೂಡಿಗೆ ಉಕ್ಕನ್ನು ಕೊರೆಯುವ ಚೂಪು ಗುಂಡು, ಆ ಮನೆಯ ಭಾಷೆಯಲ್ಲಿ ‘ದಬ್ಬಣ’. ಎರಡನೆಯದಕ್ಕೆ ರಿಪೇರಿ ಸಾಮಾನು, ಅಂದರೆ ‘ಪಾನಾ’. ಇಲ್ಲಿಯವರೆಗೆ ದಂಪತಿಗಳಲ್ಲಿ ಭಿನ್ನಮತವಿರಲಿಲ್ಲ. ಮೂರನೆಯ ಗೂಡಿನ ಮುಂದೆ ಚರಿತ್ರೆ ಉಸಿರು ಬಿಗಿಹಿಡಿಯಿತು.

“ಒಗ್ಗರಣಿ ತಗೋರಿ,” ಎಂದಳು ನೀಲಗಂಗಾ.

ಹೊಗೆಯ ಪರದೆಯೆಬ್ಬಿಸಿ ವೈರಿಯ ಕಣ್ಣು ಕಟ್ಟುವ ಅಸ್ತ್ರಕ್ಕೆ ಆ ಹೆಸರನ್ನಿಟ್ಟವಳು ಅವಳೇ. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದೊಡನೆ ಮನೆಮಂದಿಯೆಲ್ಲ ಕೆಮ್ಮುತ್ತ ಅಂಗಳಕ್ಕೋಡುವುದನ್ನು ಕಂಡವರಿಗೆ ಆ ಹೆಸರಿನ ಔಚಿತ್ಯವನ್ನು ವಿವರಿಸಬೇಕಿಲ್ಲ.

ಆಗ ವೀರಾಗ್ರಣಿಯ ಮೀಸೆ ಕುಣಿಯಿತು. ‘ಸಿಂಹವು ಹೊಗೆಯ ಮರೆಯಲ್ಲಿ ಬೇಟೆಯಾಡುವುದುಂಟೇ? ಮೇಘವು ಗುಡುಗಲು ನಾಚುವುದುಂಟೇ? ರಥದ ನೆತ್ತಿಯ ಮೇಲೆ ಮಷೀನ್ ಗನ್ನನ್ನು ಕಿರೀಟದಂತೆ ಧರಿಸಿ, ಅರಿಕುಲದ ಎದೆ ನಡುಗಿಸುತ್ತ ನಡೆಯುವೆನು’ ಎಂಬುದು ಅವನ ಮಾತಿನ ಭಾವ. ಬಾಯಿಂದ ಹೊರಟದ್ದು ಇಷ್ಟು:

“ಹೊಗಿ ಬಿಟ್ಟು ಅಡಕೊಳ್ಳೂದು ಗಂಡಸರ ಕೆಲಸೇನ? ಮ್ಯಾಲ ಗನ್ ಇದ್ರ ನೋಡಾಕ ಒಂದ ಕಳೆ ಇರತೈತಿ.”

“ನೋಡಾಕ ನಾವೇನು ಮೆರವಣಿಗಿ ಹೊಂಟೇವೇನ್ರಿ? ಬಸವಂತ ಪ್ರತಿ ವಾರ ಆ ಹಿಟ್ಟಿನ ಗಿರಣಿ ಹಿಂದ ನಿಂತು ಕ್ಷಿಪಣಿ ಬಿಡತಾನ. ಇವತ್ತೂ ಅಲ್ಲೇ ನಿಂತಿರತಾನ.”

“ಅಂವ ನನ್ನ ತಮ್ಮ. ಅವನ ಬುದ್ಧಿ ನನಗ ಗೊತ್ತಿಲ್ಲೇನು?”

“ನಿಮಗ ಗೊತ್ತೈತಿ. ಟ್ಯಾಂಕಿನ ಪಾಚಿ ನನಗ ಗೊತ್ತೈತಿ.”

ವೀರನು ಗುಂಡಿಯನ್ನೊತ್ತಿದನು. ಮಷೀನ್ ಗನ್ನು ರಥದ ನೆತ್ತಿಯೇರಿತು. ಮಹಡಿ ಮೆಟ್ಟಿಲಿನಿಂದ ಬಸವಂತನ ಸಿಂಹನಾದ ಇಳಿದು ಬಂತು: “ವೈನಿ, ಬ್ರಷ್ ಹುಡುಕಿ ಇಟ್ಕೊಂಡೀರೇನ್ರಿ?”

ರಥ ಹೊರಟಿತು. ಧೂಳೆದ್ದಿತು. ನೀಲಗಂಗೆಯ ದಬ್ಬಣವು ವೈರಿಯ ಎರಡು ಜೀಪುಗಳನ್ನು ಹೊಲಿಯಿತು. ಗುರುಪಾದಪ್ಪನು ರಥ ನಿಲ್ಲಿಸಿ ಮಷೀನ್ ಗನ್ನಿಗೆ ತಾನೇ ಏರಿ, ಯಾರೂ ಇಲ್ಲದ ಒಂದು ಹುಲ್ಲಿನ ಬಣವೆಯನ್ನು ನಿರ್ದಾಕ್ಷಿಣ್ಯವಾಗಿ ಸಂಹರಿಸಿದನು. ಆ ಹೊತ್ತಿಗೆ ಹಿಟ್ಟಿನ ಗಿರಣಿಯ ಹಿಂದಿನಿಂದ ಬೆಂಕಿಯ ಬಾಲದ ಕ್ಷಿಪಣಿ ಮೇಲೆದ್ದಿತು. ಪರದೆ ಕೆಂಪಾಗಿ ಕೂಗತೊಡಗಿತು.

“ನೀಲಾ, ಒಗ್ಗರಣಿ ಹಾಕು, ಲಗೂನ!”

“ಎಲ್ಲಿಂದ ಹಾಕಲಿ? ತಂದಿದ್ರ ಹಾಕತಿದ್ದೆ.”

ರಥ ಸಿಡಿದು ಆಟ ಮುಗಿಸಿದ ಬೆಳಕನ್ನು ವರ್ಣಿಸಲು ಕವಿಗಳಿಗೆ ಶಬ್ದ ಸಾಲದು, ವಿಶಾಲಾಕ್ಷಿಗೆ ಸಾಲಿತು. “ಅಕ್ಕಾ, ಬ್ಯಾಸರ ಮಾಡ್ಕೋಬ್ಯಾಡ್ರಿ ಮತ್ತ,” ಎಂದು ಅವಳು ಮೇಲಿನಿಂದ ನಗುತ್ತ ಕೂಗಿದಳು.

ಊಟವಾದ ಮೇಲೆ ನೀಲಗಂಗಾ ಸೆರಗು ಬಿಗಿದು ಮಾಳಿಗೆ ಏರಿದಳು. ಏರುವ ಮೊದಲು ಬಚ್ಚಲಲ್ಲಿ ನಿಂತು ತನ್ನ ಅಸ್ತ್ರಗಳನ್ನು ಒಂದೊಂದಾಗಿ ನೋಡಿ ಆರಿಸಿಕೊಂಡಿದ್ದಳು. ಉದ್ದ ಹಿಡಿಯ ಬ್ರಷ್ಷು ಬೇಕು. ತೆಂಗಿನ ನಾರು ಬೇಕು. ಬ್ಲೀಚಿಂಗ್ ಪೌಡರ್ ಒಂದೇ ಹಿಡಿ, ಹೆಚ್ಚಾದರೆ ಕಣ್ಣುರಿ. ಗುರುಪಾದಪ್ಪ ತಂದುಕೊಟ್ಟ ದೊಡ್ಡ ಪೊರಕೆಯನ್ನು ಅಲ್ಲಿಯೇ ಬಿಟ್ಟಳು. ಅದು ನೋಡಲಿಕ್ಕಷ್ಟೇ ಚೆಂದ.

ಒಳಗೆ ತಂಪಿತ್ತು, ಕತ್ತಲಿತ್ತು. ಮೇಲೆ ಬಾಣಲೆಯಗಲದ ಆಕಾಶ. ಅದರಲ್ಲಿ ಗಂಡನ ಮುಖ ಮೂಡಿತು.

“ಹೆಂಗೈತಿ ಒಳಗ?”

“ಪಾಚಿ ಐತಿ.”

“ಗನ್ ಒಂದ ಸಣ್ಣದಾತು ನೋಡು. ಮುಂದಿನ ವಾರ ದೊಡ್ಡದ ತಗೊಂಡ್ರ ಅವರ ಕಥಿ ಮುಗೀತು.”

“ಹೌದ್ರಿ,” ಎಂದಳು ನೀಲಗಂಗಾ, ಗೋಡೆಯನ್ನು ತಿಕ್ಕುತ್ತ.

ಮುಖ ಮರೆಯಾಯಿತು. ತಿಕ್ಕುವ ಕೈ ನಿಂತಿತು. ಮುಂದಿನ ಭಾನುವಾರ ರಥ ಹತ್ತುವ ಗುಂಡಿಯ ಮೇಲೆ ತನ್ನ ಬೆರಳು ಯಾರಿಗಾಗಿಯೂ ಕಾಯುವುದಿಲ್ಲ. ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಟ್ಯಾಂಕಿನೊಳಗೆ ಪಿಸುಗುಟ್ಟಿದರೂ ಓಣಿಗೆಲ್ಲ ಕೇಳುತ್ತದೆ. ಬ್ರಷ್ಷಿನ ಹಿಡಿಯ ತುದಿಯ ಮೇಲೆ ಹೆಬ್ಬೆರಳನ್ನಿಟ್ಟು, ತಡೆಯದೆ, ಒಮ್ಮೆ ಒತ್ತಿ ನೋಡಿದಳು. ಆಮೇಲೆ ಬಗ್ಗಿ, ಮೂಲೆಯ ಪಾಚಿಗೆ ನಾರು ಹಚ್ಚಿದಳು.