ಹೊಸ್ತಿಲ ಮೇಲೆ ಬಂದ ಹೆಸರು

ಕೈಲಾಂಚದ ಪುಟ್ಟಲಿಂಗಯ್ಯನ ಬಾಯಿಗೆ ಕಾಗೆಯನ್ನು ಬೈಯುವ ಮಾತು ಬಂತು, ಹೆಂಡತಿಯ ಹೆಸರು ಬರಲಿಲ್ಲ. ರಂಪವೆಲ್ಲ ಶುರುವಾದದ್ದು ಅಲ್ಲಿಂದಲೇ.

ರೇಷ್ಮೆಗೂಡಿನ ಬೆಲೆ ಏರಿ, ಬೀದಿಗೆರಡು ಮೊಪೆಡ್ ಬಂದಿದ್ದ ಕಾಲ ಅದು. ಹಿಂದಿನ ತಿಂಗಳು ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಾಗಲೇ ಅವನು ಕುಸಿದು ಬಿದ್ದಿದ್ದ. ಬಲಗೈ ಸೋತಿತು, ಮಾತು ನಿಂತಿತು. ಆ ಬೆಳಿಗ್ಗೆ ಅಂಗಳದಲ್ಲಿ ಹುಳ ಕದಿಯಲು ಬಂದ ಕಾಗೆಗೆ ಮಾತ್ರ "ಥೂ, ನಿನ್ ಮನೆ ಹಾಳಾಗ!" ಎಂದು ಸ್ವಚ್ಛವಾಗಿ ಬೈದ. ನೋಡಲು ಬಂದಿದ್ದ ಬೆಂಗಳೂರಿನ ಹೊಸ ಡಾಕ್ಟರು ಹೆಂಡತಿಯ ಹೆಸರು ಕೇಳಿದರೆ ಪಿಳಿಪಿಳಿ ಕಣ್ಣು ಬಿಟ್ಟ.

"ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿದೆ. ಬಲಗೈ ಆಡಿಸೋದೂ, ಮಾತು ಕೊಡೋದೂ ಆ ಕಡೆಯೇ," ಎಂದರು ಡಾಕ್ಟರು. "ಹೆಸರು ಬರೋ ದಾರಿ ಕುಸಿದಿದೆ. ಬೈಗುಳ, ಹಾಡು ಬೇರೆ ದಾರೀಲಿ ಬರ್ತವೆ. ಹೆಸರಿಗೂ ಒಂದು ಸುತ್ತುದಾರಿ ಹುಡುಕಿ. ಸಂಜೆಗೆ ಬರ್ತೀನಿ. ಹೇಳಿದ್ರೆ ಸರಿ, ಇಲ್ದಿದ್ರೆ ಬೆಂಗಳೂರು ಆಸ್ಪತ್ರೆಗೆ ಸೇರಿಸಲೇಬೇಕು."

ಬೆಂಗಳೂರಿಗಿಂತ ಪುಟ್ಟಲಿಂಗಯ್ಯನಿಗೆ ಹೆಂಡತಿ ಕೃಷ್ಣಮ್ಮನ ಮುಖ ನೋಡುವುದೇ ಕಷ್ಟವಾಯಿತು. "ಬರ್ದಿದ್ರೆ ಬ್ಯಾಡ ಬುಡಿ, ನನ್ನೆಸ್ರು ಕಟ್ಕೊಂಡು ಏನಾಗ್ಬೇಕು," ಎಂದು ಅವಳು ಸೆರಗಿನಲ್ಲಿ ಮೂಗೊರೆಸಿಕೊಂಡಳು. ಇಷ್ಟು ವರ್ಷ "ಲೇ, ಇವಳೇ" ಎಂದೇ ಕರೆದು ಕಾಲ ಹಾಕಿದ್ದವನಿಗೆ ಈಗ ಹೇಳಲೇಬೇಕು ಅನ್ನಿಸಿತು.

ಪಕ್ಕದ ಮನೆ ಯಲ್ಲಮ್ಮ ಒಂದೆಲಗದ ಸೊಪ್ಪು ಅರೆದು ಲೋಟಗಟ್ಟಲೆ ಕುಡಿಸಿದಳು. ಹೊಟ್ಟೆ ಗುಡುಗುಡು ಎಂದಿತೇ ಹೊರತು ಹೆಸರು ಬರಲಿಲ್ಲ. ಅಷ್ಟರಲ್ಲಿ ಗೂಡು ನೋಡಲು ರಾಮನಗರದಿಂದ ನೂಲು ಬಿಚ್ಚುವ ರೀಲರ್ ಶುಕೂರ್ ಬಂದ.

"ಗೂಡನ್ನ ಬಿಸಿನೀರಲ್ಲಿ ಬೇಯ್ಸಿದ್ರೆ ಎಳೆ ತುದಿ ತಾನಾಗೇ ಸಿಕ್ತದೆ. ತಲೆಗೂ ಅದೇ ಹಿಸಾಬು ಅಣ್ಣಾ!"

ಹಂಡೆಯ ಬಿಸಿನೀರು ನೆತ್ತಿಗೆ ಬಿದ್ದದ್ದೇ ತಡ, ಪುಟ್ಟಲಿಂಗಯ್ಯ ಶುಕೂರನ ಏಳು ತಲೆಮಾರನ್ನೂ ಒಂಚೂರೂ ತೊದಲದೆ ಜಾಲಾಡಿದ.

"ಮಾತು ಬಂತು ಕಣವ್ವ!" ಎಂದು ಯಲ್ಲಮ್ಮ ಕುಣಿದಳು. "ಈಗ ಹೆಸ್ರು ಯೋಳಣ್ಣ!"

ಪುಟ್ಟಲಿಂಗಯ್ಯ ಹೆಸರಿನ ಬದಲು ಮತ್ತೆ ಶುಕೂರನನ್ನೇ ಬೈದ.

ಹೊತ್ತು ಇಳಿಯುವಾಗ ಯಲ್ಲಮ್ಮನಿಗೆ ಹೊಳೆಯಿತು. "ಮದ್ವೆ ದಿನ ಹೊಸ್ಲಲ್ಲಿ ಅಡ್ಡ ನಿಂತ್ಕಂಡು ಹೆಸ್ರು ಯೋಳ್ಸಿರ್ತಾರಲ್ಲ, ಆ ದಾರೀಲೇ ಓಗವಾ!"

ಗಂಡ ಹೆಂಡಿರನ್ನು ಅಕ್ಕಪಕ್ಕ ನಿಲ್ಲಿಸಿ, ಹೊಸ್ತಿಲಿಗೆ ಅರಿಸಿನ ಬಳಿದು, ನಾದಿನಿಯ ಹಾಗೆ ಬಾಗಿಲಿಗೆ ಕೈ ಅಡ್ಡ ಹಿಡಿದಳು. "ಹೆಸ್ರು ಯೋಳು, ಒಳಕ್ಕೆ ಬುಡ್ತೀನಿ!" ಕೃಷ್ಣಮ್ಮ ನಾಚಿ ತಲೆ ತಗ್ಗಿಸಿದಳು. ಅರಿಸಿನದ ವಾಸನೆ ಮೂಗಿಗೆ ಬಡಿಯಿತು. ಪುಟ್ಟಲಿಂಗಯ್ಯನ ತಲೆಯೊಳಗೆ ಏನೋ ಬಿರಡೆ ಕಿತ್ತಂತಾಯಿತು.

"ಮಾ... ಮಾಯಮ್ಮ!"

"ಅಯ್ಯೋ ಶಿವ್ನೇ, ಸತ್ತೋದ ಅವ್ವನ್ನ ಕರೀತಾವ್ನಲ್ಲಪ್ಪ!" ಎಂದು ಯಲ್ಲಮ್ಮ ಬಾಯಿ ಬಡಿದುಕೊಂಡಳು.

ಕೃಷ್ಣಮ್ಮನ ಕಣ್ಣು ಮಾತ್ರ ತುಂಬಿ ಬಂತು. ಅವಳ ತವರಿನ ಹೆಸರು ಮಾಯಮ್ಮ. ಮದುವೆಯ ದಿನ ಇದೇ ಹೊಸ್ತಿಲ ಮೇಲೆ ಅವನು ಹೇಳಿದ್ದೂ ಅದೇ. ಅತ್ತೆಯ ಹೆಸರೂ ಮಾಯಮ್ಮ ಆಗಿದ್ದರಿಂದ ಒಳಗೆ ಬಂದ ಮೇಲೆ ಹಿರಿಯರು ಕೃಷ್ಣಮ್ಮ ಎಂದು ಬದಲಿಸಿದ್ದರು. ಮುರುಕು ಮಿದುಳು ಹಳೇ ದಾರಿಯಲ್ಲಿ ಹೋಗಿ ಆ ಹುಡುಗಿಯನ್ನೇ ಕರೆತಂದಿತ್ತು. ಪುಟ್ಟಲಿಂಗಯ್ಯನಿಗೆ ಜೀವ ತಂಪಾಯಿತು.

ಅಷ್ಟರಲ್ಲಿ ಡಾಕ್ಟರು ಬಂದು ಹೆಂಡತಿಯ ಹೆಸರು ಕೇಳಿದರು; ಪುಟ್ಟಲಿಂಗಯ್ಯ ಮತ್ತೆ ಮಾಯಮ್ಮ ಎಂದ.

"ಕೃಷ್ಣಮ್ಮನವರೇ, ಇವರು ಮಾಯಮ್ಮ ಅಂತಾರಲ್ಲ, ಯಾರದು?"

ಅತ್ತೆಯ ಹೆಸರು ಸೊಸೆಯ ಬಾಯಲ್ಲಿ ಬರುವುದುಂಟೇ? "ಅದು ನಮ್ಮತ್ತೆ ಹೆಸ್ರು ಸ್ವಾಮಿ. ನಾನು ಯೋಳಂಗಿಲ್ಲ. ನಂದೂ ಅದೇಯ. ಒಳಕ್ಕೆ ಬಂದ್ಮೇಲೆ ಅದು ನಂದಲ್ಲ ಆಯ್ತು," ಎಂದು ಬಿಕ್ಕುತ್ತಾ ನಕ್ಕಳು.

ಡಾಕ್ಟರು ಗಾಬರಿಯಾಗಿ ಅವಳ ಕಣ್ಣಿಗೆ ಬ್ಯಾಟರಿ ಬಿಟ್ಟರು. "ಸರಿ, ನಿಮ್ಮ ಯಜಮಾನರ ಹೆಸರು ಹೇಳಿ."

ಕೃಷ್ಣಮ್ಮ ಸೆರಗು ಕಚ್ಚಿಕೊಂಡಳು. "ಅಯ್ಯಪ್ಪ, ಅದೂ ಆಗಕಿಲ್ಲ."

ಡಾಕ್ಟರು ಇಬ್ಬರಿಗೂ ಆಸ್ಪತ್ರೆಗೆ ಚೀಟಿ ಬರೆದರು.

ಬೆಂಗಳೂರು ಬಸ್ಸಿನಲ್ಲಿ ಅವಳು ಗಂಡನ ಸೋತ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಕಿವಿಯ ಹತ್ತಿರ ಬಂದಳು.

"ಇನ್ನೊಂದ್ಸಲ ಯೋಳಿ."