ಹುಳದ ಮನೆಯ ನಮ್ಮತ್ತೆ

ನನ್ನ ಮಗನಿಗೆ ಹೆಣ್ಣು ಮಗು ಆಯಿತು! ಮದುವೆಯಾಗಿ ಹನ್ನೆರಡು ವರ್ಷಕ್ಕೆ. ಶಿಡ್ಲಘಟ್ಟದ ಆಸ್ಪತ್ರೆಯಿಂದ ಇವತ್ತು ಬೆಳಿಗ್ಗೆ ಮಗು ಮನೆಗೆ ಬಂತು. ನಮ್ಮೂರು ದಿಬ್ಬೂರಹಳ್ಳಿಯಲ್ಲಿ ಕಂಡಕಂಡವರಿಗೆಲ್ಲ ಸಕ್ಕರೆ ಹಂಚಿದೆ. ಎರಡೆರಡು ಸಲ ಇಸ್ಕೊಂಡವರೂ ಇದ್ದಾರೆ, ಇರಲಿ. ನಾನು ಓದಿರೋದು ಮೂರನೇ ಕ್ಲಾಸು. ತಪ್ಪು ಬರೆದಿದ್ದರೆ ನೀವೇ ತಿದ್ದಿಕೊಳ್ಳಿ.

ನಾನು ಹೇಳಹೊರಟಿದ್ದು ನಮ್ಮತ್ತೆ ವಿಷಯ. ಅವರಿಗೆ ನೂರ ಹನ್ನೆರಡು ವರ್ಷ. ಆದರೆ ಓಟಿನ ಪಟ್ಟಿಯಲ್ಲಿ ತಮ್ಮ ಮಗನಿಗಿಂತ ಒಂದು ವರ್ಷ ಚಿಕ್ಕವರು! ಹೆಂಗೆ ಅಂತೀರಾ? ಪಟ್ಟಿ ಬರೆಯೋರು ಬಂದ ದಿನ ಅತ್ತೆ ರೇಷ್ಮೆ ಹುಳದ ಮನೆಯಲ್ಲಿದ್ದರು. ಆಚೆ ಬರಲ್ಲ ಅಂದುಬಿಟ್ಟರು. ಒಳಗಿನಿಂದ ಬಂದ ಗದರಿಕೆ ಕೇಳಿಯೇ ಆತ ವಯಸ್ಸು ಅಂದಾಜು ಮಾಡಿಕೊಂಡು ಹೋದ. ಅಂಥ ಗಂಟಲು.

ಹುಳದ ಮನೆ ಬೀಗದ ಕೈ ಅವರ ಸೊಂಟ ಬಿಟ್ಟಿದ್ದು ನಾನು ಕಂಡಿಲ್ಲ. ಈಗ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕೋರು ನಾವೇ, ಆದರೂ ಸ್ಟೂಲಿನ ಮೇಲೆ ಕೂತು ತಟ್ಟೆ ತಟ್ಟೆ ನೋಡೋರು ಅವರೇ.

ಹೋದ ವರ್ಷ ಚಿಕ್ಕಬಳ್ಳಾಪುರದಿಂದ ನಾಲ್ಕು ಜನ ಕ್ಯಾಮೆರಾ ಹಿಡಿದು ಬಂದರು. ಅತ್ತೆ ರಾಜ್ಯಕ್ಕೇ ಹಿರಿಯರಂತೆ, ದಾಖಲೆಯಂತೆ. ಅತ್ತೆ ನಾಲ್ಕು ಜನರ ಕಾಲನ್ನೂ ಬ್ಲೀಚಿಂಗ್ ನೀರಿನಲ್ಲಿ ಅದ್ದಿಸಿದರು. ಒಬ್ಬಳು ಸೆಂಟು ಹಾಕಿದ್ದಳು, ಹುಳಕ್ಕೆ ಆಗಲ್ಲ ಅಂತ ಅವಳನ್ನು ಬೀದಿಯಲ್ಲೇ ನಿಲ್ಲಿಸಿದರು. ಇಷ್ಟು ವರ್ಷ ಬದುಕಿದ ಗುಟ್ಟೇನು ಅಂತ ಕೇಳಿದ್ದಕ್ಕೆ, "ಒಂದು ಬೆಳೆ ಮುಗಿಯೋದ್ರೊಳಗೆ ಇನ್ನೊಂದರ ಮರಿಹುಳ ಬರುತ್ತಪ್ಪ. ಸಾಯೋಕೆ ಪುರುಸೊತ್ತೆಲ್ಲಿ?" ಅಂದರು. ಕೊನೆಗೆ ಅತ್ತೆಯ ತೀರಿಹೋದ ದೊಡ್ಡ ಮಗನ ಶಾಲೆಯ ಕಾಗದ ಸಿಕ್ಕಿ, ಅದರಲ್ಲಿದ್ದ ಹುಟ್ಟಿದ ತಾರೀಖಿನಿಂದ ಅತ್ತೆ ವಯಸ್ಸು ಲೆಕ್ಕ ಹಾಕಿ, ದಾಖಲೆ ಅವರದೇ ಆಯಿತು. ಫ್ರೇಮು ಹಾಕಿಸಿದ ಸರ್ಟಿಫಿಕೇಟಿನ ಮೇಲೆ ಅತ್ತೆ ಕುಡುಗೋಲು ಇಡುತ್ತಾರೆ.

ಇನ್ನು ನನ್ನ ಸಂಕಟ. ಹಸುಗೂಸು ಮುಟ್ಟಿದವರು ಹನ್ನೊಂದು ದಿನ ಹುಳದ ಮನೆಗೆ ಕಾಲಿಡಬಾರದು, ಇದು ನಮ್ಮತ್ತೆ ಕಾಯ್ದೆ. ನನ್ನ ಮಗ ಹುಟ್ಟಿದಾಗ ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತು. ಅತ್ತೆ ಹತ್ತು ಅಡಿ ದೂರದಲ್ಲಿ ನಿಂತು, ಮೂಗು ಅಪ್ಪನದೇ ಅಂತ ಹೇಳಿ ಒಳಗೆ ಹೋದರು. ಅವತ್ತು ನಾನು ಊಟ ಮಾಡಲಿಲ್ಲ. ಆ ಮಗನಿಗೆ ಈಗ ನಲವತ್ತು.

ಇವತ್ತೂ ಹುಳ ಹಣ್ಣಾಗಿದೆ ನೋಡಿ! ಹನ್ನೊಂದು ದಿನ ನಮಗೇನು ದೊಡ್ಡದಲ್ಲ. ನೂರ ಹನ್ನೆರಡು ವರ್ಷದವರಿಗೆ? ಮಗು ಎತ್ಕೊಳ್ತೀರಾ ಅಂತ ಕೇಳೋಣ ಅಂದುಕೊಂಡೆ, ಕೇಳಲಿಲ್ಲ. ಮಗುವನ್ನು ಎತ್ತಿಕೊಂಡು ಹುಳದ ಮನೆ ಬಾಗಿಲಿನಿಂದ ಹತ್ತು ಅಡಿ ದೂರ ನಾನೇ ನಿಂತೆ.

ಅತ್ತೆ ಸ್ಟೂಲಿನಿಂದ ಎದ್ದು ಆಚೆ ಬಂದರು. ಸೊಂಟದ ಬೀಗದ ಕೈ ಬಿಚ್ಚಿದರು. ಮಗು ಮುಟ್ಟದೆ ಉಳಿದವರು ನಮ್ಮ ಯಜಮಾನರೊಬ್ಬರೇ, ಎಪ್ಪತ್ತೆರಡು ವರ್ಷದವರು. ಅವರ ಕೈಗೆ ಅದನ್ನಿಟ್ಟು, "ನೀನು ಮುಟ್ಟಬೇಡ ಕಣೋ. ಹುಳ ನೋಡ್ಕೋ," ಅಂದರು. ಆಮೇಲೆ ನನ್ನ ಕಡೆ ಎರಡೂ ಕೈ ಚಾಚಿದರು.

ರಾತ್ರಿ ಊಟಕ್ಕೆ ಎಲ್ಲರೂ ನಡುಮನೆಯಲ್ಲಿ ಕೂತೆವು. ಯಜಮಾನರು ಮಾತ್ರ ಬಾಗಿಲ ಬಳಿ, ಮೊಮ್ಮಗಳನ್ನು ದೂರದಿಂದಲೇ ನೋಡ್ತಾ. ಅತ್ತೆ ಮಗುವನ್ನು ತೊಡೆಯಿಂದ ಇಳಿಸಲೇ ಇಲ್ಲ. ಮುದ್ದೆ ಮುರಿಯುತ್ತಾ, ನನ್ನ ಮುಖ ನೋಡದೆ ಹೇಳಿದರು: "ನಿನ್ನ ಮಗನ್ನ ಅವತ್ತು ಎತ್ಕೊಳ್ಲಿಲ್ಲ ನಾನು. ಆಸೆ ಇತ್ತು ಕಣಮ್ಮ."

ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿ, ಪಕ್ಕದಲ್ಲೇ ಕೂತು ಉಂಡೆ.