ಗುರುತು ತೆಗೆಯುವ ಯಂತ್ರ

ಸೋಮವಾರ ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಕಾರವಾರದ ತುಕ್ಕು ಸಂಶೋಧನಾಲಯಕ್ಕೆ ಲಾಂಛನ ಸಿಕ್ಕಿತು. ಬರೆದದ್ದು ಯಂತ್ರ. ಯಂತ್ರ ಕಟ್ಟಿದ್ದು ಡಾ. ವಾಮನ ಬಾಂದೇಕರ. ಎದುರಿಗೆ ನಿಂತಿದ್ದವರು ಹನ್ನೊಂದು ಮಂದಿ ಸಿಬ್ಬಂದಿ. ಅವರಲ್ಲೊಬ್ಬರು ಗ್ರಂಥಪಾಲಕಿ ತಾರಾಮತಿ, ವಾಮನರ ಹೆಂಡತಿ.

ಸಂಸ್ಥೆಗೆ ತನ್ನದೇ ಗುರುತಿಲ್ಲ ಎಂದು ಮೇಲಿನ ಕಚೇರಿಯಿಂದ ಪತ್ರ ಬಂದಿತ್ತು. ಹನ್ನೆರಡಕ್ಕೆ ಬರುವ ಸಮಿತಿಗೆ ಮೆಚ್ಚುಗೆಯಾಗುವಂಥ ಲಾಂಛನ ತೋರಿಸದಿದ್ದರೆ ಇನ್ನೊಂದು ಸಂಸ್ಥೆಯ ಜೊತೆ ವಿಲೀನ. ಮೂವತ್ತು ವರ್ಷ ಹಡಗಿನ ತಗಡಿನ ತುಕ್ಕು ನೋಡುತ್ತ ಕೂತವರಿಗೆ ಗುರುತಿನ ಯೋಚನೆಯೇ ಬಂದಿರಲಿಲ್ಲ.

"ಕಲಾವಿದರಿಗೆ ಹೇಳಿದ್ದರೆ ಒಂದು ಚಕ್ರ, ಒಂದು ಅಣು, ಸುತ್ತ ಎರಡು ಎಲೆ ಬರೆದು ಕೈ ತೊಳೆದುಕೊಳ್ತಿದ್ದರು," ವಾಮನ ಎದೆ ಉಬ್ಬಿಸಿದರು. "ನನ್ನ ಯಂತ್ರ ನಿಮ್ಮೆಲ್ಲರಿಂದಲೇ ಸಂಸ್ಥೆಯ ಗುರುತು ಮಾಡ್ತದೆ!"

"ಮನೆಯ ಮಿಕ್ಸರ್ ರಿಪೇರಿ ಮಾಡಿದ ಹಾಗೆ ಮಾಡಿಲ್ಲ ತಾನೆ?" ತಾರಾಮತಿ ಕೇಳಿದರು. "ಅದು ಈಗಲೂ ಚಟ್ನಿಯನ್ನ ಗೋಡೆಗೇ ಬಡಿಸ್ತದೆ."

"ಇಷ್ಟು ಜನರೆದುರು ಮಿಕ್ಸರ್ ಯಾಕೆ ತರ್ತೀಯ?"

ನೀಲಿ ಬೆಳಕು ಒಬ್ಬೊಬ್ಬರ ಮುಖ, ಕೈಗಳನ್ನು ತಣ್ಣಗೆ ಸವರಿತು. ಹಾಳೆಯೊಂದು ಹೊರಬಂತು. ಕೆಲವೇ ಗೆರೆ, ಒಂದು ಚುಕ್ಕೆ. ಆದರೂ ಅದು ತೀರಾ ಹತ್ತಿರದವರ ಮುಖದಂತೆ ಕಂಡಿತು.

ಹನ್ನೊಂದಕ್ಕೆ ಚಹಾ ಕುಡಿಯಲು ಹೋದವರು ಮರಳಿದಾಗ ಹಾಜರಿ ಯಂತ್ರ ಯಾರ ಬೆರಳನ್ನೂ ಒಪ್ಪಲಿಲ್ಲ. ಬೆರಳ ತುದಿಗಳು ಹೊಸ ಸಾಬೂನಿನಷ್ಟು ನುಣ್ಣಗಿದ್ದವು. ಗೇಟಿನ ಕಾವಲುಗಾರ ಹಮ್ಮಣ್ಣ ಬಾಗಿಲಿಗೆ ಅಡ್ಡ ನಿಂತ.

"ನಾನು ರೊಸಾರಿಯೊ ಮಾರಾಯ," ಎಂದರು ರಸಾಯನ ವಿಭಾಗದ ರೊಸಾರಿಯೊ.

"ರೊಸಾರಿಯೊ ಸಾಹೇಬರು ನನಗೆ ಗೊತ್ತಿಲ್ವಾ? ಅವರ ಗಲ್ಲದ ಮೇಲೆ ಮಚ್ಚೆ ಉಂಟು. ನೀವು ಸಂದರ್ಶಕರ ಪುಸ್ತಕದಲ್ಲಿ ಬರೆದು ಹೋಗಿ."

ರೊಸಾರಿಯೊ ಗಲ್ಲ ಮುಟ್ಟಿ ನೋಡಿಕೊಂಡರು. ಮಚ್ಚೆ ಇರಲಿಲ್ಲ. ಪುಸ್ತಕದಲ್ಲಿ ಬರೆದು ಒಳಗೆ ಓಡಿ ಲಾಂಛನ ನೋಡಿದರು. ಚುಕ್ಕೆಯ ಮೇಲೆ ಅವರ ಮಚ್ಚೆಯ ಒಂಟಿ ಕೂದಲೂ ಇತ್ತು.

ತಾರಾಮತಿ ಕನ್ನಡಿಯ ಮುಂದೆ ನಿಂತು ನಕ್ಕರು. ಹುಟ್ಟಿನಿಂದಲೂ ನಕ್ಕಾಗ ಎಡಕ್ಕೆ ಏರುತ್ತಿದ್ದ ತುಟಿ ಈಗ ಎರಡೂ ಕಡೆ ಸಮನಾಗಿ ಏರಿತು. ಯಾರೋ ಹೊರಗಿನವರು ಮರ್ಯಾದೆಗೆ ನಕ್ಕ ಹಾಗಿತ್ತು. ಅವರು ನೇರ ಗಂಡನ ಕೋಣೆಗೆ ಹೋದರು.

"ಯಂತ್ರಕ್ಕೆ ಏನಂತ ಆಜ್ಞೆ ಕೊಟ್ಟಿದ್ದೀರಿ?"

ವಾಮನ ಕಣ್ಣು ಕಿರಿದು ಮಾಡಿ ನೋಡಿದರು. "ಓ, ನೀನಾ? ಎಲ್ಲರ ಗುರುತು ತೆಗೆದು ಸಂಸ್ಥೆಗೆ ಕೊಡು ಅಂತ."

"ತೆಗೆದು ಅಂದರೆ?"

"ಫೋಟೊ ತೆಗೆಯೋ ಹಾಗೆ."

"ಹಲ್ಲು ತೆಗೆಯೋದೂ ತೆಗೆಯೋದೇ. ಯಾವ ಥರ ತೆಗೆಯೋದು ಅಂತ ಹೇಳಿದ್ರಾ?"

"ಗಾಬರಿ ಬೇಡ. ಹಾಳೆಯನ್ನ ತಿರುಗಿ ಯಂತ್ರಕ್ಕೆ ಹಾಕಿದರೆ ಎಲ್ಲ ವಾಪಸ್ ಬರ್ತದೆ. ಸಮಿತಿ ನೋಡಿ ಹೋಗಲಿ, ಹಾಕ್ತೇನೆ."

"ಈಗಲೇ ಹಾಕಿ. ಸಮಿತಿಗೆ ಜೆರಾಕ್ಸ್ ತೋರಿಸಿ."

"ತೆಗೆದೆ." ಅವರು ಆರು ಪ್ರತಿ ಮುಂದಿಟ್ಟರು. ಆರೂ ಬರಿಯ ಬಿಳಿ ಹಾಳೆ.

"ಆಮೇಲೆ ಮರೀತೀರಿ."

"ನಿನ್ನನ್ನ ಮರೀತೇನಾ?"

ಸಮಿತಿ ಸರಿಯಾಗಿ ಹನ್ನೆರಡಕ್ಕೆ ಬಂತು. ಅಧ್ಯಕ್ಷರು ಲಾಂಛನ ನೋಡಿ ಕನ್ನಡಕ ಒರೆಸಿಕೊಂಡರು. "ನಮ್ಮ ಮನೆಯವರನ್ನೇ ಕಂಡ ಹಾಗಾಗ್ತದೆ," ಎಂದರು. ಒಪ್ಪಿಗೆ ಬರೆದರು, ಹಾಳೆಯ ಮೂಲೆಗೆ ಮೊಹರು ಒತ್ತಿದರು, ಗಾಜಿನ ಚೌಕಟ್ಟು ತರಿಸಿ ಗೋಡೆಗೆ ಹಾಕಿಸಿದರು. ಇನ್ನು ಅದು ಸರಕಾರಿ ದಾಖಲೆ, ಯಾರೂ ಮುಟ್ಟುವಂತಿಲ್ಲ ಎಂದು ಹೇಳಿ ಕಾರು ಹತ್ತಿದರು.

ಹನ್ನೆರಡೂ ನಲವತ್ತಕ್ಕೆ ತಾರಾಮತಿ ಬಂದಾಗ ವಾಮನ ಚೌಕಟ್ಟಿನ ಎದುರು ಕುರ್ಚಿ ಹಾಕಿ ಕೂತಿದ್ದರು.

"ಏನ್ರೀ, ಕೆಳಗಿಳಿಸಿ ಅದನ್ನ. ಮುಟ್ಟಿದರೆ ಆದದ್ದಾಗಲಿ."

ವಾಮನ ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟರು. "ಬನ್ನಿ, ಕೂತ್ಕೊಳ್ಳಿ. ತಾವು ಯಾರನ್ನ ಕಾಣಬೇಕಿತ್ತು?"

"ತಮಾಷೆ ಸಾಕು."

"ನನ್ನ ಹೆಂಡತಿಯೂ ಹೀಗೇ ಗದರ್ತಾಳೆ," ವಾಮನ ಪ್ರೀತಿಯಿಂದ ಗೋಡೆಯತ್ತ ಕೈ ತೋರಿದರು. "ನೋಡಿ, ಅವಳೇ."

ಗಾಜಿನ ಹಿಂದೆ ಒಂದು ಗೆರೆ ಎಡಕ್ಕೆ ಸ್ವಲ್ಪ ಏರಿತು.

ತಾರಾಮತಿ ಚೌಕಟ್ಟಿಗೆ ಕೈ ಹಾಕಿದರು. ವಾಮನ ಅಡ್ಡ ಬಂದರು. "ಬೇಡಿ, ಅವಳಿಗೆ ಬೇರೆಯವರು ಮುಟ್ಟಿದರೆ ಆಗೋದಿಲ್ಲ," ಎಂದು ಹೇಳಿ ಹಮ್ಮಣ್ಣನನ್ನು ಕರೆದರು.

ಸಂಸ್ಥೆ ವಿಲೀನವಾಗಲಿಲ್ಲ. ತಾರಾಮತಿ ಈಗ ದಿನವೂ ಬೆಳಗ್ಗೆ ಒಂಬತ್ತೂವರೆಗೆ ಸಂದರ್ಶಕರ ಪುಸ್ತಕದಲ್ಲಿ ಬರೆದು ಒಳಗೆ ಹೋಗುತ್ತಾರೆ. ‘ಯಾರನ್ನು ಕಾಣಬೇಕು’ ಎಂದಿರುವ ಕಡೆ ತಮ್ಮ ಹೆಸರನ್ನೇ ಬರೆಯುತ್ತಾರೆ.